ಮೈದಾನದ ಒಡೆಯ ಯಾರು?

(ಮಿಲ್ ಕಾರ್ಮಿಕರು ಮತ್ತು ಸಣ್ಣ ವರ್ತಕರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಬೋನಸ್ಸಿನ ಪ್ರಶ್ನೆಯಿದೆ, ಮಾರುಕಟ್ಟೆಯ ಮಳಿಗೆಗಳ ಬಾಡಿಗೆಯ ಪ್ರಶ್ನೆಯಿದೆ. ಇಷ್ಟೆಲ್ಲ ಇರುವಾಗ ಏಳು ಸಮುದ್ರದಾಚೆಯ ಒಂದು ಫುಟ್‌ಬಾಲ್ ಮೈದಾನದ ವಿಷಯವನ್ನು ಇವನೇಕೆ ಎತ್ತಿಕೊಂಡ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿರಿ. ನಮ್ಮ ದಾವಣಗೆರೆಗೆ ಹಿರಿಯರು ಕೊಟ್ಟ ಬಿರುದು ಯಾವುದು? ಕರ್ನಾಟಕದ ಮ್ಯಾಂಚೆಸ್ಟರ್. ಬಿರುದು ಬಂದದ್ದು ಬಟ್ಟೆಯ ಗಿರಣಿಗಳಿಂದ. ಆ ಗಿರಣಿಗಳಲ್ಲಿ ಹೆಚ್ಚಿನವು ಈಗ ಬಾಗಿಲು ಹಾಕಿವೆ. ಬಿರುದು ಉಳಿದಿದೆ, ಬೀಗವೂ ಉಳಿದಿದೆ. ಮೂಲ ಮ್ಯಾಂಚೆಸ್ಟರಿನಲ್ಲಿ ಗಿರಣಿ ನಿಂತ ಮೇಲೆ ಆ ನೆಲ ಏನಾಯಿತು ಎಂಬುದನ್ನು ತಿಳಿಯುವ ಅವಶ್ಯಕತೆ ಬೇರೆ ಯಾರಿಗಿಂತಲೂ ನಮಗೇ ಹೆಚ್ಚು.

ನಮ್ಮ ಹುಡುಗರು ತಿಳಿನೀಲಿ ಬಣ್ಣದ ಅಂಗಿ ತೊಟ್ಟು ಓಣಿಯಲ್ಲಿ ಚೆಂಡು ಒದೆಯುವುದನ್ನು ನೀವು ನೋಡಿದ್ದೀರಿ. ಅದು ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಬಣ್ಣ. ಯಾರು ಎಷ್ಟು ಗೋಲು ಹೊಡೆದರು ಎಂಬುದನ್ನು ಆ ಹುಡುಗರನ್ನೇ ಕೇಳಬೇಕು. ಆ ವಿದ್ಯೆಯಲ್ಲಿ ಅವರು ನಮಗೆ ಗುರುಗಳು. ನಾನು ಕೇಳುವ ಪ್ರಶ್ನೆ ಒಂದೇ: ಅವರು ಆಡುವ ನೆಲ ಯಾರದು?

ಗಣಿಯ ಮೇಲಿನ ಹುಲ್ಲು

ಮ್ಯಾಂಚೆಸ್ಟರ್ ಪಟ್ಟಣದ ಪೂರ್ವ ಭಾಗದಲ್ಲಿ ಬ್ರಾಡ್‌ಫರ್ಡ್, ಕ್ಲೇಟನ್, ಬೆಸ್ವಿಕ್ ಎಂಬ ಕೇರಿಗಳಿವೆ. ಪಟ್ಟಣದ ನಡುವಿಗೆ ಸ್ವಲ್ಪ ಹತ್ತಿರದಲ್ಲಿ ಆನ್‌ಕೋಟ್ಸ್ ಎಂಬ ಗಿರಣಿಗಳ ಕೇರಿ. ಇಲ್ಲಿ ನೂಲು ತೆಗೆಯುವ ಗಿರಣಿಗಳಿದ್ದವು, ಕಬ್ಬಿಣದ ಕಾರ್ಖಾನೆಗಳಿದ್ದವು, ಬಣ್ಣ ತಯಾರಿಸುವ ಕಾರ್ಖಾನೆಗಳಿದ್ದವು. ಪಟ್ಟಣದ ಹೊಟ್ಟೆಯಲ್ಲೇ ಬ್ರಾಡ್‌ಫರ್ಡ್ ಕಲ್ಲಿದ್ದಲ ಗಣಿಯಿತ್ತು. ಆ ಗಣಿ 1968ರಲ್ಲಿ ಮುಚ್ಚಿತು. ಕ್ಲೇಟನ್ ಆನಿಲೈನ್ ಎಂಬ ಬಣ್ಣದ ಕಂಪೆನಿ 1876ರಲ್ಲಿ ಹುಟ್ಟಿ, ನೂರಮೂವತ್ತು ವರ್ಷದಷ್ಟು ಕಾಲ ಬಟ್ಟೆಗೆ ಬಣ್ಣ ಒದಗಿಸಿ, ಈ ಶತಮಾನದ ಮೊದಲ ದಶಕದಲ್ಲಿ ನಿಂತಿತು. ಇಂದು ಮ್ಯಾಂಚೆಸ್ಟರ್ ಸಿಟಿಯ ದೊಡ್ಡ ಕ್ರೀಡಾಂಗಣ ಆ ಗಣಿಯ ನೆಲದ ಮೇಲಿದೆ. ಆಟಗಾರರ ತರಬೇತಿಯ ಮೈದಾನಗಳು ಆ ಬಣ್ಣದ ಕಾರ್ಖಾನೆಯ ನೆಲದ ಮೇಲಿವೆ.

ಈ ನೆಲಕ್ಕೂ ನಮಗೂ ಇರುವ ನಂಟು ಬಿರುದಿನದು ಮಾತ್ರವೇ? 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ ಅಲ್ಲಿನ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ಗಿರಣಿ ಒಡೆಯರ ಕಣ್ಣು ನಮ್ಮ ಧಾರವಾಡ ಸೀಮೆಯ ಎರೆನೆಲದ ಮೇಲೆ ಬಿತ್ತು. ಕಾರವಾರದ ಬಂದರನ್ನು ಬೆಳೆಸಬೇಕೆಂದು ಸರಕಾರವನ್ನು ಒತ್ತಾಯಿಸಿದವರಲ್ಲಿ ಅವರೂ ಇದ್ದರು. ಕುಮಟೆಯಿಂದ ಹಡಗೇರಿದ ಹತ್ತಿಗೆ ಅಲ್ಲಿನ ಪೇಟೆಯಲ್ಲಿ ಕುಮಟಾ ಹತ್ತಿ ಎಂಬ ಹೆಸರೇ ನಿಂತಿತ್ತು. ನಮ್ಮ ರೈತ ಬೆಳೆದ ಹತ್ತಿ ಅಂಡಿಗೆ ಅಂಡಿಗೆಯಾಗಿ ಹೋಗಿ, ಲಂಕಾಷೈರಿನ ಕಾರ್ಮಿಕನ ಕೈಯಲ್ಲಿ ಬಟ್ಟೆಯಾಗಿ, ಮರಳಿ ನಮ್ಮ ನೇಕಾರನ ಮಗ್ಗದ ಮೇಲೆಯೇ ಬಂದು ಬಿತ್ತು. ಇಬ್ಬರೂ ದುಡಿದರು, ನಡುವೆ ಇದ್ದವನು ಬೆಳೆದ. ಆ ಸಂಪತ್ತಿನಿಂದ ಎದ್ದ ಪಟ್ಟಣದ ಕತೆ ಇದು.

ಶನಿವಾರದ ಅರ್ಧ ದಿನ

ಫುಟ್‌ಬಾಲ್ ಆಟ ದುಡಿಯುವವರ ಆಟವಾದದ್ದು ಹೇಗೆ? ಇಂಗ್ಲೆಂಡಿನಲ್ಲಿ ಬಹುಕಾಲ ಶನಿವಾರ ಮಧ್ಯಾಹ್ನ ಮೂರು ಗಂಟೆಗೇ ಏಕೆ ಪಂದ್ಯ ಶುರುವಾಗುತ್ತಿತ್ತು? ಪಂಚಾಂಗ ನೋಡಿ ಇಟ್ಟ ಮುಹೂರ್ತವಲ್ಲ. 1847ರಲ್ಲಿ ಹತ್ತು ಗಂಟೆ ದುಡಿಮೆಯ ಕಾನೂನು ಬಂತು. 1850ರ ಕಾನೂನು ಶನಿವಾರ ಮಧ್ಯಾಹ್ನ 2 ಗಂಟೆಗೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮತ್ತು ಎಳೆಯರ ಕೆಲಸ ನಿಲ್ಲಬೇಕೆಂದು ವಿಧಿಸಿತು. ಅವರಿಲ್ಲದೆ ಗಿರಣಿ ನಡೆಯುವಂತಿರಲಿಲ್ಲವಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ದಶಕಗಳ ಚಳವಳಿಯಿಂದ, ಮೆರವಣಿಗೆಯಿಂದ, ಸೆರೆವಾಸದಿಂದ ಗಳಿಸಿದ ಆ ಅರ್ಧ ದಿನದ ಬಿಡುವಿನಲ್ಲಿ ಈ ಆಟ ಬೆಳೆಯಿತು. ಆಟದ ಮೂಲ ಬಂಡವಾಳವೆಂದರೆ ಕಾರ್ಮಿಕನ ಬಿಡುವು. ಅದನ್ನು ಯಾವ ಶ್ರೀಮಂತನೂ ದಾನ ಕೊಡಲಿಲ್ಲ.

1880ರಲ್ಲಿ ಪೂರ್ವ ಮ್ಯಾಂಚೆಸ್ಟರಿನ ಗಾರ್ಟನ್ ಕೇರಿಯಲ್ಲಿ ಸೇಂಟ್ ಮಾರ್ಕ್ಸ್ ಚರ್ಚಿನ ಆಶ್ರಯದಲ್ಲಿ ಒಂದು ತಂಡ ಕೂಡಿತು. 1887ರಲ್ಲಿ ಅದು ಆರ್ಡ್ವಿಕ್ ಎಂದಾಯಿತು, 1894ರಲ್ಲಿ ಮ್ಯಾಂಚೆಸ್ಟರ್ ಸಿಟಿ ಎಂದಾಯಿತು. ಇದಕ್ಕೆ ಎರಡು ವರ್ಷ ಮುಂಚೆ, 1878ರಲ್ಲಿ, ನ್ಯೂಟನ್ ಹೀತ್ ಎಂಬಲ್ಲಿ ರೈಲ್ವೆ ಬೋಗಿಗಳ ಕಾರ್ಖಾನೆಯ ಕೆಲಸಗಾರರು ಇನ್ನೊಂದು ತಂಡ ಕಟ್ಟಿದ್ದರು. ಅದೇ ಇಂದಿನ ಮ್ಯಾಂಚೆಸ್ಟರ್ ಯುನೈಟೆಡ್. ಆ ತಂಡ 1893ರಿಂದ 1910ರವರೆಗೆ ಆಡಿದ ಬ್ಯಾಂಕ್ ಸ್ಟ್ರೀಟ್ ಮೈದಾನ ಇದೇ ಕ್ಲೇಟನ್‌ನಲ್ಲಿ, ಕಾರ್ಖಾನೆಗಳ ಹೊಗೆಯ ನಡುವೆ ಇತ್ತು. ಇಂದು ಆ ಜಾಗದಲ್ಲಿ ಸೈಕಲ್ ಪಂದ್ಯದ ಒಳಾಂಗಣದ ಮುಂದೆ ಕಾರು ನಿಲ್ಲಿಸುತ್ತಾರೆ. ಪರಸ್ಪರ ಮುಖ ನೋಡದ ಎರಡು ತಂಡಗಳ ತೊಟ್ಟಿಲು ಕೂಗಳತೆಯ ದೂರದಲ್ಲಿತ್ತು ಎಂದಾಯಿತು.

ಆಟಗಾರರೂ ಕೂಲಿಯವರೇ. ಬಿಲ್ಲಿ ಮೆರೆಡಿತ್ ಎಂಬುವನು ವೇಲ್ಸ್ ನಾಡಿನ ಹುಡುಗ. ಹನ್ನೆರಡನೆಯ ವಯಸ್ಸಿಗೆ ಕಲ್ಲಿದ್ದಲ ಗಣಿಗೆ ಇಳಿದವನು. 1894ರಲ್ಲಿ ಸಿಟಿ ತಂಡ ಸೇರಿ, 1904ರ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಗೆಲುವಿನ ಗೋಲು ಹೊಡೆದ. ಆಗ ಕ್ಲಬ್ಬಿನ ಮಾಲೀಕರು ಸೇರಿ ಆಟಗಾರನಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೂಲಿ ಕೊಡಕೂಡದೆಂದು 1901ರಿಂದ ಕಟ್ಟು ಮಾಡಿದ್ದರು. ಮೆರೆಡಿತ್ ಮೊದಲಾದವರು 1907ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನ ಒಂದು ಹೋಟೆಲಿನಲ್ಲಿ ಕೂಡಿ ಆಟಗಾರರ ಸಂಘ ಕಟ್ಟಿದರು. ಆ ಸಂಘ ಈಗಲೂ ಇದೆ. ಕೂಲಿಯ ಮೇಲಿನ ಆ ಮಿತಿ ಏರುತ್ತಾ ಏರುತ್ತಾ 20 ಪೌಂಡಿಗೆ ಬಂದು, 1961ರ ಜನವರಿಯಲ್ಲಿ ಮುಷ್ಕರದ ನೋಟೀಸಿನ ಎದುರು ಬಿದ್ದುಹೋಯಿತು. ಇಂದಿನ ಆಟಗಾರರ ಕೋಟಿ ಸಂಬಳ ನೋಡಿ ನಾವು ಮೂಗಿನ ಮೇಲೆ ಬೆರಳಿಡುತ್ತೇವೆ. ಆ ಬಾಗಿಲು ತೆರೆದದ್ದು ಒಂದು ಕಾರ್ಮಿಕ ಸಂಘ ಎಂಬುದನ್ನೂ ನೆನಪಿಡಬೇಕು.

ಊರ ದುಡ್ಡಿನ ಕ್ರೀಡಾಂಗಣ

1923ರಲ್ಲಿ ಸಿಟಿ ತಂಡ ಪಟ್ಟಣದ ದಕ್ಷಿಣಕ್ಕೆ ಮಾಸ್ ಸೈಡ್ ಕೇರಿಯ ಮೇನ್ ರೋಡ್ ಮೈದಾನಕ್ಕೆ ಹೋಯಿತು. 1934ರ ಮಾರ್ಚ್ 3ರಂದು ಅಲ್ಲಿ ನಡೆದ ಒಂದು ಪಂದ್ಯಕ್ಕೆ 84,569 ಜನ ಸೇರಿದ್ದರು. ಇಂಗ್ಲೆಂಡಿನಲ್ಲಿ ಒಂದು ಕ್ಲಬ್ಬು ತನ್ನ ಸ್ವಂತ ಮೈದಾನದಲ್ಲಿ ಕಂಡ ಜನಸಂದಣಿಯ ದಾಖಲೆ ಅದು. ಎಂಬತ್ತು ವರ್ಷ ಆ ಮೈದಾನದ ಸುತ್ತಣ ಓಣಿಗಳಲ್ಲಿ ಪಂದ್ಯದ ದಿನ ಹಬ್ಬವೇ. ತಿಂಡಿಯಂಗಡಿ, ಬೀರಂಗಡಿ, ಸಣ್ಣ ಜಿನಸಿನ ಅಂಗಡಿ ಎಲ್ಲಕ್ಕೂ ಗಿರಾಕಿ. 2003ರ ಮೇ ತಿಂಗಳಲ್ಲಿ ಕೊನೆಯ ಪಂದ್ಯ ಮುಗಿಯಿತು. ಮೈದಾನ ಕೆಡವಿ ಅಲ್ಲಿ ಮನೆ ಕಟ್ಟಿದರು. ಆ ಓಣಿಯ ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಏನಾಯಿತೆಂದು ಇಲ್ಲಿ ಕುಳಿತಿರುವ ವರ್ತಕ ಮಿತ್ರರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ತಂಡ ಏಕೆ ಹೊರಟಿತು? ಪೂರ್ವದಲ್ಲಿ ಹೊಸ ಕ್ರೀಡಾಂಗಣ ಎದ್ದಿತ್ತು. ಗಣಿ ಹೋಗಿ, ಗಿರಣಿ ಹೋಗಿ, ಕಾರ್ಖಾನೆ ಹೋಗಿ ಪೂರ್ವದ ಕೇರಿಗಳು ಬರಡಾಗಿದ್ದವು. ಅವುಗಳಿಗೆ ಜೀವ ಕೊಡಬೇಕೆಂದು ನಗರಸಭೆ ಒಲಿಂಪಿಕ್ಸ್ ಆಟಗಳಿಗಾಗಿ ಎರಡು ಸಲ ಕೈಯೊಡ್ಡಿತು. 1996ರ ಆಟ ಅಟ್ಲಾಂಟಾಕ್ಕೆ ಹೋಯಿತು, 2000ದ ಆಟ ಸಿಡ್ನಿಗೆ ಹೋಯಿತು. ಈ ಪ್ರಯತ್ನದ ಫಲವಾಗಿ 1994ರಲ್ಲಿ ಸೈಕಲ್ ಪಂದ್ಯದ ಒಳಾಂಗಣವೊಂದು ಉಳಿಯಿತು. ಆಮೇಲೆ ಇಂಗ್ಲೆಂಡಿಗೆ ಪದಕ ತಂದ ಎಷ್ಟೋ ಸೈಕಲ್ ಪಟುಗಳು ತಯಾರಾದದ್ದು ಅದರಲ್ಲಿ. ಕೊನೆಗೆ 2002ರ ಕಾಮನ್‌ವೆಲ್ತ್ ಆಟಗಳು ಸಿಕ್ಕವು.

ಆ ಆಟಗಳಿಗಾಗಿ ಕಟ್ಟಿದ ಕ್ರೀಡಾಂಗಣದ ಲೆಕ್ಕವನ್ನು ಸ್ವಲ್ಪ ಗಮನವಿಟ್ಟು ಕೇಳಿ. ಕಟ್ಟಲು ತಗಲಿದ್ದು 11 ಕೋಟಿ 20 ಲಕ್ಷ ಪೌಂಡು. ಅದರಲ್ಲಿ 7 ಕೋಟಿ 70 ಲಕ್ಷ ಬಂದದ್ದು ಸ್ಪೋರ್ಟ್ ಇಂಗ್ಲೆಂಡ್ ಎಂಬ ಸರಕಾರಿ ಸಂಸ್ಥೆಯ ಮೂಲಕ ರಾಷ್ಟ್ರೀಯ ಲಾಟರಿಯಿಂದ. ಉಳಿದದ್ದನ್ನು ನಗರಸಭೆ ಹಾಕಿತು. ಲಾಟರಿ ಟಿಕೆಟ್ಟು ಕೊಳ್ಳುವವರು ಯಾರು? ಅರಮನೆಯಲ್ಲಿರುವವರು ಕೊಳ್ಳುವುದಿಲ್ಲ. ಆಟಗಳು ಮುಗಿದ ಮೇಲೆ ಓಟದ ದಾರಿಯನ್ನು ಕಿತ್ತು, ನೆಲವನ್ನು ಹಲವು ಮೀಟರು ಆಳಕ್ಕೆ ಅಗೆದು, ಕೆಳಗೊಂದು ಸಾಲು ಆಸನ ಹೆಚ್ಚಿಸಿ ಅದನ್ನು ಫುಟ್‌ಬಾಲಿಗೆ ಹೊಂದಿಸಿದರು. ಇದಕ್ಕೆ ನಗರಸಭೆ ಕೊಟ್ಟದ್ದು ಮತ್ತೆ 2 ಕೋಟಿ 20 ಲಕ್ಷ. ಊಟದ ಮನೆ, ಶ್ರೀಮಂತರ ಕೊಠಡಿ ಮುಂತಾದವಕ್ಕೆ ಕ್ಲಬ್ಬು ಹಾಕಿದ್ದು ಸುಮಾರು 2 ಕೋಟಿ. 2003ರ ಆಗಸ್ಟಿನಿಂದ ಸುಮಾರು 48,000 ಆಸನಗಳ ಆ ಕ್ರೀಡಾಂಗಣದಲ್ಲಿ ಸಿಟಿ ತಂಡ ಆಡಿತು.

ಇಲ್ಲಿ ನಗರಸಭೆ ಒಂದು ವಿವೇಕದ ಕೆಲಸ ಮಾಡಿತು. ಕ್ರೀಡಾಂಗಣವನ್ನು ಮಾರಲಿಲ್ಲ. ನೆಲದ ಒಡೆತನವನ್ನು ತನ್ನಲ್ಲೇ ಇಟ್ಟುಕೊಂಡು ಕ್ಲಬ್ಬಿಗೆ 250 ವರ್ಷದ ಗುತ್ತಿಗೆ ಕೊಟ್ಟಿತು. ಹಳೆಯ ಮೇನ್ ರೋಡ್ ಮೈದಾನ ನಗರಸಭೆಯ ಕೈಗೆ ಬಂತು. ಹಳೆಯ ಮೈದಾನದಲ್ಲಿ ಹಿಡಿಸುತ್ತಿದ್ದುದಕ್ಕಿಂತ ಹೆಚ್ಚು ಪ್ರೇಕ್ಷಕರು ಬಂದರೆ ಆ ಹೆಚ್ಚಿನ ಟಿಕೆಟ್ಟಿನ ಹಣದಲ್ಲಿ ನಗರಕ್ಕೆ ಪಾಲು ಎಂಬ ಕರಾರಾಯಿತು. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ ಅದು ಕೋರು ಪಾಲಿನ ಗೇಣಿ: ಬೆಳೆ ಹೆಚ್ಚಿದರೆ ಭೂಮಿಯವನಿಗೂ ಹೆಚ್ಚು.

ಒಡೆಯರು ಬದಲಾದರು, ನೆಲ ಕದಲಲಿಲ್ಲ

ಆ ವಿವೇಕದ ಬೆಲೆ ಬೇಗನೆ ತಿಳಿಯಿತು. 2007ರಲ್ಲಿ ಥಾಯ್ಲೆಂಡಿನ ಪದಚ್ಯುತ ಪ್ರಧಾನಿ ಥಾಕ್ಸಿನ್ ಶಿನವಾತ್ರ ಕ್ಲಬ್ಬನ್ನು ಕೊಂಡ. ಮರುವರ್ಷ ಸೆಪ್ಟೆಂಬರಿನಲ್ಲಿ ಅದು ಅಬುಧಾಬಿಯ ರಾಜಮನೆತನದ ಶೇಖ್ ಮನ್ಸೂರನ ಕೈಗೆ ಹೋಯಿತು. ಸಂತೆಯಲ್ಲಿ ಎತ್ತು ಕೈ ಬದಲಾಯಿಸಿದ ಹಾಗೆ ಕ್ಲಬ್ಬು ಕೈ ಬದಲಾಯಿಸಿತು. ಆದರೆ ಕೊಂಡವನಾಗಲಿ, ಮಾರಿದವನಾಗಲಿ ಆ ನೆಲವನ್ನು ಸಾಲಕ್ಕೆ ಅಡವಿಡಲು, ತುಂಡು ಮಾಡಿ ಮಾರಲು ಆಗಲಿಲ್ಲ. ನೆಲ ಊರಿನದು.

ಹಾಗಿರದಿದ್ದರೆ ಏನಾಗಬಹುದಿತ್ತು? ಉತ್ತರಕ್ಕೆ ಎಂಟೊಂಬತ್ತು ಮೈಲಿಯಲ್ಲಿ ಬರಿ ಎಂಬ ಗಿರಣಿ ಊರಿದೆ. ಅಲ್ಲಿನ ಕ್ಲಬ್ಬು 1885ರಷ್ಟು ಹಳೆಯದು; ಎರಡು ಸಲ ಎಫ್.ಎ. ಕಪ್ ಗೆದ್ದದ್ದು. ಅದರ ಮೈದಾನ ಗಿಗ್ ಲೇನ್ ಸಾಲಕ್ಕೆ ಅಡವಾಗಿತ್ತು. ಒಡೆಯರ ಕೈಯಲ್ಲಿ ಕ್ಲಬ್ಬು ಸೊರಗಿ 2019ರ ಆಗಸ್ಟಿನಲ್ಲಿ ಲೀಗಿನಿಂದಲೇ ಹೊರಬಿತ್ತು. ಗೇಟಿಗೆ ಬೀಗ. ಊರಿನ ಅಭಿಮಾನಿಗಳು ಚಂದಾ ಎತ್ತಿ, ಸರಕಾರದ ನೆರವನ್ನೂ ಪಡೆದು 2022ರಲ್ಲಿ ಮೈದಾನವನ್ನು ಮರಳಿ ಕೊಂಡುಕೊಂಡರು. 2023ರಿಂದ ಮತ್ತೆ ಅಲ್ಲಿ ತಮ್ಮ ತಂಡದ ಆಟ ನೋಡುತ್ತಿದ್ದಾರೆ. ತಮ್ಮ ಅಜ್ಜಂದಿರು ಕಟ್ಟಿದ್ದನ್ನೇ ಮೊಮ್ಮಕ್ಕಳು ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾಯಿತು.

ಹಣವಂತನು ಬರುವುದು ಅವನ ಇಷ್ಟ, ಹೋಗುವುದೂ ಅವನ ಇಷ್ಟ. ಇದೇ ಮ್ಯಾಂಚೆಸ್ಟರ್ ಸಿಟಿಯ ಒಡೆತನದ ಸಂಸ್ಥೆ 2019ರಲ್ಲಿ ನಮ್ಮ ಮುಂಬಯಿಯ ಮುಂಬಯಿ ಸಿಟಿ ಕ್ಲಬ್ಬಿನ ನೂರಕ್ಕೆ 65 ಪಾಲು ಕೊಂಡಿತು. 2025ರ ಕೊನೆಯಲ್ಲಿ ಆ ಪಾಲನ್ನು ಬಿಟ್ಟು ಹೊರನಡೆಯಿತು. ಮುಂಬಯಿಯಲ್ಲಿ ಮೈದಾನ ಅಲ್ಲೇ ಉಳಿದಿದೆ, ಏಕೆಂದರೆ ಅದು ಅವರದಾಗಿರಲಿಲ್ಲ.

ಎಂಬತ್ತು ಎಕರೆಯ ವೈಭವ

ಶೇಖನ ಹಣ ಬಂದ ಮೇಲೆ ಪೂರ್ವ ಮ್ಯಾಂಚೆಸ್ಟರಿನ ರೂಪವೇ ಬದಲಾಯಿತು. ಇದನ್ನು ಮರೆಮಾಚಬಾರದು, ಎದುರಾಳಿಯ ಲೆಕ್ಕದಲ್ಲಿಯೂ ಜಮೆಯನ್ನು ಜಮೆ ಎಂದೇ ಬರೆಯಬೇಕು.

ಕ್ಲೇಟನ್ ಆನಿಲೈನ್ ಕಾರ್ಖಾನೆಯ ನೆಲ ಒಂದು ಶತಮಾನದ ರಾಸಾಯನಿಕ ಕುಡಿದು ಕೆಟ್ಟಿತ್ತು. ಅದನ್ನು ಶುದ್ಧಿಮಾಡಿ, ಸುಮಾರು 80 ಎಕರೆಯಲ್ಲಿ ತರಬೇತಿ ಕೇಂದ್ರ ಕಟ್ಟಿ 2014ರ ಡಿಸೆಂಬರಿನಲ್ಲಿ ತೆರೆದರು. ಖರ್ಚು ಸುಮಾರು 20 ಕೋಟಿ ಪೌಂಡು. ಹದಿನಾರು ಮೈದಾನಗಳು. ಹಿರಿಯ ತಂಡ, ಎಳೆಯರ ತಂಡ, ಹೆಂಗಸರ ತಂಡ ಮೂರಕ್ಕೂ ಅಲ್ಲೇ ತರಬೇತಿ. ಎಳೆಯರ ಮತ್ತು ಹೆಂಗಸರ ಪಂದ್ಯಗಳಿಗಾಗಿ 7,000 ಜನ ಹಿಡಿಸುವ ಪುಟ್ಟ ಕ್ರೀಡಾಂಗಣ. ದೊಡ್ಡ ಕ್ರೀಡಾಂಗಣಕ್ಕೂ ಇದಕ್ಕೂ ನಡುವೆ ಹೆದ್ದಾರಿಯ ಮೇಲೆ ಜನ ನಡೆದುಹೋಗುವ ಸೇತುವೆ. ಈ ಆವರಣದಲ್ಲಿ ಐದೂವರೆ ಎಕರೆಯಷ್ಟು ನೆಲವನ್ನು ಊರಿನ ಉಪಯೋಗಕ್ಕೆ ಬಿಟ್ಟರು. ಅಲ್ಲಿ ಹದಿನಾರು ದಾಟಿದ ಹುಡುಗ ಹುಡುಗಿಯರಿಗೆ ಒಂದು ಕಾಲೇಜು, ಜನರಿಗೆ ಈಜುಕೊಳವಿರುವ ವ್ಯಾಯಾಮ ಕೇಂದ್ರ ಬಂದವು. 2013ರಲ್ಲಿ ಟ್ರಾಮು ಬಂತು. ಬಣ್ಣದ ಕಾರ್ಖಾನೆಯ ಬೇಲಿಯ ಬದಲು ಹಸಿರು ಕಾಣುವುದು ಆ ಕೇರಿಯ ತಾಯಂದಿರಿಗೆ ಸಂತೋಷವೇ.

ದೊಡ್ಡ ಕ್ರೀಡಾಂಗಣಕ್ಕೆ 2015ರಲ್ಲಿ ದಕ್ಷಿಣದ ಮೂರನೆಯ ಅಂತಸ್ತು ಬಂದು ಆಸನಗಳು 55,000ದ ಹತ್ತಿರಕ್ಕೆ ಏರಿದವು. 2023ರಲ್ಲಿ ಉತ್ತರ ಭಾಗದ ಕೆಲಸ ತೊಡಗಿತು. ಆಸನಗಳನ್ನು 60,000ದ ಮೇಲಕ್ಕೆ ಒಯ್ಯುವುದು, ಜೊತೆಗೆ 400 ಕೊಠಡಿಯ ಹೋಟೆಲು, ವಸ್ತು ಸಂಗ್ರಹಾಲಯ, ಅಂಗಡಿ, ಮೂರು ಸಾವಿರ ಜನ ಸೇರುವ ಮಾಡುಳ್ಳ ಚೌಕ, ಇದು ಯೋಜನೆ. ಪಕ್ಕದಲ್ಲಿ 2024ರ ಮೇ 14ರಂದು 23,500 ಜನ ಹಿಡಿಸುವ ಸಂಗೀತದ ಒಳಾಂಗಣ ತೆರೆಯಿತು. ತೆರೆಯುವ ಮುನ್ನ ಹಲವು ಸಲ ದಿನ ಮುಂದಕ್ಕೆ ಹೋಯಿತು. ಒಮ್ಮೆ ಗಾಳಿಯಂತ್ರದ ತುಂಡೊಂದು ಚಾವಣಿಯಿಂದ ಕಳಚಿ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಆ ಒಳಾಂಗಣದ ಹೆಸರು ಕೇಳಿದರೆ ನೀವು ಅಚ್ಚರಿಪಡುತ್ತೀರಿ: ಕೋ-ಆಪ್ ಲೈವ್. ಸಹಕಾರದ ಹೆಸರು! ಮ್ಯಾಂಚೆಸ್ಟರಿನ ಬಳಿಯ ರಾಚ್‌ಡೇಲ್ ಊರಿನಲ್ಲಿ 28 ಜನ ನೇಕಾರರು, ಕುಶಲಕರ್ಮಿಗಳು ತಲೆಗೆ ಒಂದೊಂದು ಪೌಂಡು ಕೂಡಿಸಿ 1844ರ ಡಿಸೆಂಬರ್ 21ರಂದು ಒಂದು ಸಹಕಾರಿ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸು, ಮೇಣದ ಬತ್ತಿ, ಇಷ್ಟೇ ಮಾಲು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಲಾಭ ಕೊಂಡವರಿಗೇ ಹಂಚಿಕೆ. ಆ ಸಹಕಾರಿ ಪರಂಪರೆಯ ಸಂಸ್ಥೆ ಈಗ ದುಡ್ಡು ಕೊಟ್ಟು ತನ್ನ ಹೆಸರನ್ನು ಆ ಗೋಡೆಯ ಮೇಲೆ ಬರೆಸಿದೆ. ಆದರೆ ಗೋಡೆಯ ಒಡೆತನ ಒಂದು ಅಮೆರಿಕದ ಕಂಪೆನಿ ಮತ್ತು ಕ್ಲಬ್ಬಿನ ಒಡೆತನದ ಸಂಸ್ಥೆಯ ಕೂಡುದಾರಿಕೆಯದು. ಸಹಕಾರಕ್ಕೆ ಹೆಸರು, ಬಂಡವಾಳಕ್ಕೆ ಬಾಡಿಗೆ.

ಖರ್ಚಿನ ಪುಟ

ಈಗ ಪುಸ್ತಕದ ಇನ್ನೊಂದು ಬದಿ ತಿರುವೋಣ. 2010ರಲ್ಲಿ ಆ ಹಳೆಯ ಪಾಲಿನ ಕರಾರನ್ನು ತಿದ್ದಿ, ಕ್ಲಬ್ಬು ವರ್ಷಕ್ಕೆ ಇಂತಿಷ್ಟು ಎಂದು ನಿಗದಿಯಾದ ಬಾಡಿಗೆ ಕೊಡುವಂತೆ ಮಾಡಿದರು. ಅದು 30 ಲಕ್ಷ ಪೌಂಡಿನ ಆಸುಪಾಸು. ಮರುವರ್ಷವೇ, 2011ರಲ್ಲಿ, ಕ್ರೀಡಾಂಗಣಕ್ಕೆ ಅಬುಧಾಬಿಯ ವಿಮಾನ ಕಂಪೆನಿ ಎತಿಹಾದಿನ ಹೆಸರು ಬಂತು. ಹೆಸರು, ಅಂಗಿಯ ಮೇಲಿನ ಜಾಹೀರಾತು ಎಲ್ಲ ಸೇರಿ ಹತ್ತು ವರ್ಷಕ್ಕೆ 40 ಕೋಟಿ ಪೌಂಡಿನವರೆಗೆ ಎಂದು ಆಗಿನ ಪತ್ರಿಕೆಗಳು ಬರೆದವು. ನೆಲದವನಿಗೆ ವರ್ಷಕ್ಕೆ 30 ಲಕ್ಷ, ಹಲಗೆಯ ಮೇಲಿನ ಹೆಸರಿಗೆ ಮತ್ತು ಅಂಗಿಗೆ ವರ್ಷಕ್ಕೆ ಕೋಟಿಗಳು. ಪಾಲಿನ ಗೇಣಿಯನ್ನು ಗೊತ್ತಾದ ಗೇಣಿಗೆ ಬದಲಾಯಿಸಿದರೆ ಮಳೆ ಬಂದ ವರ್ಷ ಯಾರಿಗೆ ಲಾಭವೆಂದು ಒಕ್ಕಲುತನದ ಮನೆಯಿಂದ ಬಂದವರಿಗೆಲ್ಲ ಗೊತ್ತು.

ಇನ್ನು ಕ್ರೀಡಾಂಗಣದ ಆಚೆಗಿನ ನೆಲ. 2014ರಲ್ಲಿ ನಗರಸಭೆಯೂ ಶೇಖನ ಸಂಸ್ಥೆಯೂ ಕೂಡಿ ಮ್ಯಾಂಚೆಸ್ಟರ್ ಲೈಫ್ ಎಂಬ ಮನೆ ಕಟ್ಟುವ ಯೋಜನೆ ಹೂಡಿದವು. ನಾನು ಮೊದಲು ಹೇಳಿದ ಆನ್‌ಕೋಟ್ಸ್ ಕೇರಿಯ ನೆಲ ಅದಕ್ಕೆ ಒದಗಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಟ್ಟತೊಡಗಿದ ಮರೆ ಗಿರಣಿಗಳು ಇಂದು ಬಾಡಿಗೆಯ, ಮಾರಾಟದ ಮನೆಗಳು. 2022ರಲ್ಲಿ ಷೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವರದಿ ಬರೆದರು: ಊರ ನೆಲವನ್ನು 999 ವರ್ಷದ ಗುತ್ತಿಗೆಗೆ ಕಡಮೆ ಬೆಲೆಗೆ ಕೊಟ್ಟಿದ್ದಾರೆ, ಮನೆಗಳಿಂದ ಬರುವ ಹಣ ಜರ್ಸಿ ದ್ವೀಪದಲ್ಲಿ ನೋಂದಾಯಿಸಿದ ಕಂಪೆನಿಗಳಿಗೆ ಹರಿಯುತ್ತದೆ ಎಂದು. ನಗರಸಭೆ ಇದನ್ನು ಒಪ್ಪಲಿಲ್ಲ. ಯಾರೂ ಕಾಲಿಡದ ನೆಲಕ್ಕೆ ಬಂಡವಾಳ ತಂದೆವು, ತಕ್ಕ ಬೆಲೆಯನ್ನೇ ಪಡೆದೆವು ಎಂದಿತು. ನ್ಯಾಯ ಯಾರ ಕಡೆ ಎಂದು ಇಲ್ಲಿ ಕೂತು ತೀರ್ಪು ಹೇಳುವುದು ಬೇಡ. ಆದರೆ 999 ವರ್ಷ ಎಂದರೇನು? ಇಂದಿನಿಂದ ಅಷ್ಟು ಹಿಂದಕ್ಕೆ ಎಣಿಸಿದರೆ ಬಸವಣ್ಣನವರು ಹುಟ್ಟುವುದಕ್ಕೂ ಮುಂಚಿನ ಕಾಲಕ್ಕೆ ಹೋಗುತ್ತೇವೆ. ಅಂಥ ಗುತ್ತಿಗೆಗೂ ಕ್ರಯಕ್ಕೂ ವ್ಯತ್ಯಾಸ ಕಾಗದದ ಮೇಲೆ ಮಾತ್ರ.

ಇನ್ನೊಂದು ಮಾತು. ಈ ಒಡೆಯನ ದೇಶದಲ್ಲಿ ಕಾರ್ಮಿಕ ಸಂಘ ಕಟ್ಟಲು ಅನುಮತಿಯಿಲ್ಲ, ಮುಷ್ಕರ ಹೂಡಲು ಅನುಮತಿಯಿಲ್ಲ. ಆಟಗಾರರ ಸಂಘ ಹುಟ್ಟಿದ ಪಟ್ಟಣದಲ್ಲಿ, ಗಣಿಗಾರರ ನೆಲದ ಮೇಲೆ, ಅಂಥವನ ದೇಶದ ವಿಮಾನ ಕಂಪೆನಿಯ ಹೆಸರು ರಾತ್ರಿಯೆಲ್ಲ ಹೊಳೆಯುತ್ತದೆ.

ವರ್ತಕ ಮಿತ್ರರು ಇನ್ನೊಂದನ್ನೂ ಗಮನಿಸಬೇಕು. ಹಳೆಯ ಮೈದಾನದಲ್ಲಿ ಪ್ರೇಕ್ಷಕ ಓಣಿಯಲ್ಲಿ ತಿಂದು, ಓಣಿಯಲ್ಲಿ ಕುಡಿದು ಒಳಗೆ ಹೋಗುತ್ತಿದ್ದ. ಹೊಸ ಆವರಣದಲ್ಲಿ ಊಟ, ಹೋಟೆಲು, ಅಂಗಡಿ, ಹಾಡು ಎಲ್ಲವೂ ಒಂದೇ ಬೇಲಿಯ ಒಳಗೆ. ಆತ ಟ್ರಾಮಿನಿಂದ ಇಳಿದು ನೇರ ಗೇಟು ಹೊಕ್ಕರೆ ಜೇಬು ಖಾಲಿಯಾಗುವುದೂ ಗೇಟಿನ ಒಳಗೇ. ನಗರ ಬೆಳೆಯಿತೆಂದು ಸುದ್ದಿ ಬರುತ್ತದೆ, ಬೀದಿಯ ಅಂಗಡಿಗೆ ಗಿರಾಕಿ ಬರುವುದಿಲ್ಲ.

ಎರಡು ಎಚ್ಚರಿಕೆಗಳು, ಒಂದು ಗೆಲುವು

ನಗರಸಭೆಗಳಿಗೂ ಒಮ್ಮೊಮ್ಮೆ ಬುದ್ಧಿ ಮಂಕಾಗುತ್ತದೆ. 2007ರ ಜನವರಿಯಲ್ಲಿ ಇಡೀ ಬ್ರಿಟನ್ನಿಗೆ ಒಂದೇ ಒಂದು ಮಹಾ ಜೂಜುಕಟ್ಟೆಗೆ ಪರವಾನಗಿ ಕೊಡುವುದೆಂದಾಗ, ಮ್ಯಾಂಚೆಸ್ಟರ್ ಈ ಕ್ರೀಡಾಂಗಣದ ಬಳಿಯೇ ಅದನ್ನು ಕಟ್ಟುವೆನೆಂದು ಪೈಪೋಟಿ ಮಾಡಿ ಆಯ್ಕೆಯಾಯಿತು. ಕೂಲಿಯ ಕೇರಿಯ ಪಕ್ಕದಲ್ಲಿ ಜೂಜುಕಟ್ಟೆ! ಮಾರ್ಚಿನಲ್ಲಿ ಲಾರ್ಡ್ಸ್ ಸಭೆ ಅದನ್ನು ತಳ್ಳಿಹಾಕಿತು, ಮುಂದೆ ಸರಕಾರವೂ ಕೈಬಿಟ್ಟಿತು. ದೊಡ್ಡಮನುಷ್ಯರ ಸಭೆಯಿಂದ ಬಡವರಿಗೆ ಆದ ಅಪರೂಪದ ಉಪಕಾರ ಅದು.

2005ರಲ್ಲಿ ಕಾಮನ್‌ವೆಲ್ತ್ ಆಟಗಳ ನೆನಪಿಗೆಂದು ಕ್ರೀಡಾಂಗಣದ ಹತ್ತಿರ 56 ಮೀಟರು ಎತ್ತರದ ಉಕ್ಕಿನ ಶಿಲ್ಪವೊಂದನ್ನು ನಿಲ್ಲಿಸಿದರು, ಮುಳ್ಳುಹಂದಿ ಮೈಬಿಚ್ಚಿ ನಿಂತಂತೆ. ಅನಾವರಣಕ್ಕೆ ಮೊದಲೇ ಒಂದು ಮುಳ್ಳಿನ ತುದಿ ಉದುರಿತು. 2009ರಲ್ಲಿ ಅದನ್ನು ಬಿಚ್ಚಿಹಾಕಿದರು, ಆಮೇಲೆ ಗುಜರಿಗೆ ಮಾರಿದರು. ನೋಡಲು ಕಟ್ಟಿದ್ದು ಗುಜರಿ ಸೇರಿತು. ಬಳಸಲು ಕಟ್ಟಿದ ಸೈಕಲ್ ಒಳಾಂಗಣ ನಿಂತಿದೆ. ಊರ ದುಡ್ಡು ಹಾಕುವವರು ಇದನ್ನು ಗಂಟುಹಾಕಿಕೊಳ್ಳಬೇಕು.

ಗೆಲುವಿನ ಮಾತೂ ಒಂದಿದೆ. 2013ರ ಜನವರಿಯಲ್ಲಿ ಲಂಡನ್ನಿನಲ್ಲಿ ನಡೆಯಲಿದ್ದ ಪಂದ್ಯಕ್ಕೆ ಸಿಟಿಯ ಅಭಿಮಾನಿಗಳಿಗೆ ಟಿಕೆಟ್ಟಿನ ಬೆಲೆ 62 ಪೌಂಡು ಎಂದರು. ಇವರ ಪಾಲಿನ ಮೂರು ಸಾವಿರ ಟಿಕೆಟ್ಟುಗಳಲ್ಲಿ 912 ಮಾರಾಟವಾಗದೆ ಹಿಂದಕ್ಕೆ ಹೋದವು. ಟೀವಿಯ ಮುಂದೆ ಜಗತ್ತೆಲ್ಲ ನೋಡುವಾಗ ಆ ಖಾಲಿ ಕುರ್ಚಿಗಳೇ ಘೋಷಣೆ ಕೂಗಿದವು. ಬೇರೆ ಬೇರೆ ತಂಡಗಳ ಅಭಿಮಾನಿಗಳು, ಮೈದಾನದಲ್ಲಿ ಬದ್ಧವೈರಿಗಳು, ಈ ಒಂದು ವಿಷಯದಲ್ಲಿ ಒಟ್ಟಾದರು. 2016ರಿಂದ ಪರಸ್ಥಳದ ಪ್ರೇಕ್ಷಕರಿಗೆ ಟಿಕೆಟ್ಟು 30 ಪೌಂಡು ಮೀರಬಾರದೆಂದು ಲೀಗಿನ ಕ್ಲಬ್ಬುಗಳು ಒಪ್ಪಿಕೊಂಡವು. ಬಿಡಿಬಿಡಿಯಾಗಿ ಗಿರಾಕಿಗಳಾಗಿದ್ದವರು ಒಟ್ಟಾದಾಗ ಒಂದು ಸಂಘವಾದರು.

ನಮ್ಮ ಊರಿನ ಪಾಠ

ಬಂಧುಗಳೇ, ಮುಂಬಯಿಯಲ್ಲಿ ಫೀನಿಕ್ಸ್ ಮಿಲ್ಲಿನ ನೆಲದ ಮೇಲೆ ಮಾಲ್ ಎದ್ದಿದೆ. ಬೆಂಗಳೂರಿನಲ್ಲಿ ಬಿನ್ನಿ ಮಿಲ್ಲಿನ ನೆಲದ ಮೇಲೆ ಬಹುಮಹಡಿ ಮನೆಗಳು ಎದ್ದಿವೆ. ಮೂರು ಪಾಳಿ ದುಡಿದು ಆ ನೆಲಕ್ಕೆ ಬೆಲೆ ತಂದವರಿಗೆ ಅದರಲ್ಲಿ ಏನು ಉಳಿಯಿತು? ನಾಳೆ ನಮ್ಮೂರಿನ ಮುಚ್ಚಿದ ಮಿಲ್ಲಿನ ನೆಲಕ್ಕೂ ಒಂದು ಯೋಜನೆ ಬರುತ್ತದೆ. ಬಣ್ಣಬಣ್ಣದ ನಕ್ಷೆ ಬರುತ್ತದೆ. ಅದರಲ್ಲಿ ಹುಲ್ಲುಹಾಸು ಇರುತ್ತದೆ, ಆಡುವ ಮಕ್ಕಳ ಚಿತ್ರ ಇರುತ್ತದೆ. ಕ್ರೀಡಾಂಗಣ ಬೇಡವೆನ್ನುವ ಮೂರ್ಖತನ ನಮ್ಮದಲ್ಲ. ನಮ್ಮ ಮಕ್ಕಳಿಗೆ ಆಡಲು ನೆಲ ಬೇಕು, ಓಡಲು ದಾರಿ ಬೇಕು, ಈಜಲು ಕೊಳ ಬೇಕು. ಆದರೆ ಕೈಯೆತ್ತಿ ಒಪ್ಪಿಗೆ ಕೊಡುವ ಮುನ್ನ ನಮ್ಮ ಪ್ರತಿನಿಧಿಗಳಿಗೆ ನಾಲ್ಕು ಪ್ರಶ್ನೆ ಕೇಳಬೇಕು.

ಒಂದು, ನೆಲದ ಪಹಣಿ ಯಾರ ಹೆಸರಿನಲ್ಲಿ ಉಳಿಯುತ್ತದೆ, ಗುತ್ತಿಗೆ ಎಷ್ಟು ವರ್ಷ? ಎರಡು, ಆದಾಯ ಏರಿದರೆ ಊರಿನ ಪಾಲೂ ಏರುತ್ತದೆಯೋ, ಅಥವಾ ಗೊತ್ತಾದ ಬಾಡಿಗೆಯಲ್ಲಿ ಕೈಕಟ್ಟಿ ಕೂರುತ್ತೇವೆಯೋ? ಮೂರು, ಬಾಗಿಲು ಯಾರಿಗೆ ತೆರೆದಿದೆ? ಕಾರ್ಮಿಕರ ಕೇರಿಯ ಶಾಲೆಯ ಮಕ್ಕಳಿಗೆ ವಾರದಲ್ಲಿ ಎಷ್ಟು ಹೊತ್ತು, ಊರಿನ ಸಣ್ಣ ವರ್ತಕರಿಗೆ ಎಷ್ಟು ಮಳಿಗೆ? ನಾಲ್ಕು, ಕರಾರಿನ ಪತ್ರ ಕನ್ನಡದಲ್ಲಿ ನಗರಸಭೆಯ ಹಲಗೆಯ ಮೇಲೆ ಬರುತ್ತದೆಯೋ, ಇಲ್ಲವೋ?

ಮ್ಯಾಂಚೆಸ್ಟರಿನವರು ಮೊದಲ ಪ್ರಶ್ನೆಯನ್ನು ಕ್ರೀಡಾಂಗಣದ ಮಟ್ಟಿಗೆ ಸರಿಯಾಗಿ ಕೇಳಿದರು. ಅದರಿಂದಲೇ ಒಡೆಯರು ಬದಲಾದರೂ ಆ ನೆಲ ಇಂದಿಗೂ ಊರಿನದಾಗಿ ಉಳಿದಿದೆ. ಎರಡನೆಯ ಪ್ರಶ್ನೆಯಲ್ಲಿ ಅವರು ಸಡಿಲಬಿಟ್ಟರು. ಅವರು ನಮಗಿಂತ ಮೊದಲು ಗಿರಣಿ ಕಟ್ಟಿದರು, ನಮಗಿಂತ ಮೊದಲು ಗಿರಣಿ ಕಳೆದುಕೊಂಡರು. ನಮಗೆ ಅವರ ಬಿರುದು ಸಿಕ್ಕಿದೆ. ಅವರ ಅನುಭವವೂ ಪುಕ್ಕಟೆಯಾಗಿ ಸಿಕ್ಕಿರುವಾಗ ಬಿಡುವುದೇಕೆ? ನಗರಸಭೆಯ ಮುಂದಿನ ಸಭೆಗೆ ಹೋಗುವಾಗ ಈ ನಾಲ್ಕು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.